ಹನ್ನೆರಡು ಜಿಬಿಯ ಲೆಕ್ಕ

ಆ ಶನಿವಾರ ಅಂಗಡಿಯಲ್ಲಿ ಯಾರು ಯಾವಾಗ ಏನು ಹೇಳಿದರು ಎಂಬುದು ನನಗೀಗ ಖಚಿತವಿಲ್ಲ. ನಾವಿರುವ ಚಾಕಣದಿಂದ ಪುಣೆಗೆ ಹೋಗಿಬಂದದ್ದು ಒಂದೇ ದಿನ. ನೆನೆದಾಗಲೆಲ್ಲ ಅದು ಬೇರೆ ಥರ ಕಾಣುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ. ಹೆಂಡತಿ ಕವಿತಾ ಮನೆಯಲ್ಲೇ ಕೂತು ಬಿಲ್ಡರುಗಳಿಗೆ ಮನೆಗಳ ಚಿತ್ರ ಮಾಡಿಕೊಡುತ್ತಾಳೆ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತ್ತು. ತಾನು ಕೂಡಿಟ್ಟ ಇಪ್ಪತ್ತೆಂಟು ಸಾವಿರ ನನ್ನ ಖಾತೆಗೆ ಹಾಕಿ, “ಓದಿರೋರು ನೀವು, ನೋಡಿ ತಗೊಂಡು ಬನ್ನಿ. ಹೊಸ ಗಿರಾಕಿ, ಸೋಮವಾರ ಕೆಲಸ ಒಪ್ಪಿಸಲೇಬೇಕು” ಎಂದಳು.

ಬಿಸಿಲು ಜೋರಿತ್ತು. ಬಸ್ಸು ಭೋಸರಿ ದಾಟುವುದಕ್ಕೇ ಗಂಟೆ ಮೀರಿತು. ದಾರಿಯಲ್ಲಿ ಮೊಬೈಲಿನಲ್ಲಿ ಎರಡು ವಿಮರ್ಶೆ ಓದಿದೆ. ಕಾರ್ಡಿನ ಮೆಮೊರಿ ಎಂಟು ಜಿಬಿ ಇದ್ದರೆ ಸಾಲದು ಎಂದಿತು ಒಂದು. ಚಿಪ್ ನಿಧಾನವಾದರೆ ಹನ್ನೆರಡೂ ದಂಡ ಎಂದಿತು ಇನ್ನೊಂದು. ಎರಡರಲ್ಲೂ ಕೋಷ್ಟಕಗಳಿದ್ದವು.

ಪೇಟೆಯ ನಾಲ್ಕು ಅಂಗಡಿಗಳಲ್ಲಿ ಒಂದೇ ಕಾರ್ಡಿಗೆ ನಾಲ್ಕು ಬೆಲೆ. ಐದನೆಯದು ವಿಜಯಪುರ ಕಡೆಯ ಈರಣ್ಣನವರದು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಅವರೇ ಕರೆದರು. ಎರಡು ಡಬ್ಬಿ ಮುಂದಿಟ್ಟರು. ಎರಡಕ್ಕೂ ಇಪ್ಪತ್ತೇಳು ಸಾವಿರ.

“ಇದು ಹೊಸಾದು, ಎಂಟು ಜಿಬಿ, ಕರೆಂಟ್ ಕಡಿಮಿ ತಿಂತದ. ಅದು ಹಳೇ ಮಾಡೆಲ್, ಹನ್ನೆರಡು ಜಿಬಿ, ಹೊಟ್ಟಿ ಭಾಳ ದೊಡ್ಡದ್ರಿ. ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಐನೂರೈವತ್ತು ವ್ಯಾಟ್ ಇರಲಿಲ್ಲಂದ್ರ ನಡೆಯಂಗಿಲ್ಲ. ನಿಮ್ಮದು ಎಷ್ಟದ?”

“ಐನೂರೈವತ್ತೇ.”

“ಮನ್ಯಾಗ ವೈನಿಗೆ ಒಂದು ಫೋನ್ ಹಚ್ಚಿ ನೋಡಿಸ್ರಲಾ.” ವೈನಿ ಎಂದರೆ ಅತ್ತಿಗೆ, ನನ್ನ ಹೆಂಡತಿ.

“ಬೇಡ, ಆ ಕಂಪ್ಯೂಟರ್ ಜೋಡಿಸಿದ್ದೇ ನಾನು.”

“ಇಂಜಿನಿಯರ್ ಮಂದಿಗೆ ನಾ ಏನ್ ಹೇಳ್ಲಿ, ಬಿಡ್ರಿ! ಒಂದು ಹೊಡೀತು, ಶಟರ್ ಎಳೀತೀನಿ. ಊಟ ಆಗಿ ಒಂದು ನಿದ್ದಿ ಆಗಬೇಕು. ನಾಕಕ್ಕ ಬರ್ರಿ.”

ಇಡೀ ಓಣಿಯೇ ಬಾಗಿಲು ಹಾಕಿತು. ಮಿಸಳ್ ತಿಂದೆ, ತೊಂಬತ್ತು ರೂಪಾಯಿ. ಉಳಿದ ಹೊತ್ತು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಜಿಬಿಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿದೆ. ಹನ್ನೆರಡರದ್ದೇ ಅಗ್ಗ. ಹಾಗಾದರೆ ಈರಣ್ಣ ಎಂಟರದ್ದನ್ನು ಯಾಕೆ ಹೊಗಳಿದರು? ಅದರಲ್ಲೇ ಅವರಿಗೆ ಲಾಭ ಹೆಚ್ಚಿರಬೇಕು. ಅಥವಾ ಅವರು ಹೊಗಳಿರಲೇ ಇಲ್ಲವೋ?

ನಾಲ್ಕಕ್ಕೆ ಹೋಗಿ ಹನ್ನೆರಡರದ್ದು ಕೇಳಿದೆ.

“ಡಬ್ಬಿ ಒಡದ್ರ ವಾಪಸ್ ಇಲ್ಲ ನೋಡ್ರಿ, ಮತ್ತ.”

ಬಳಸಿದ ಮಾಲು ಕೊಟ್ಟಾರೆಂಬ ಅನುಮಾನ ನನಗೆ. ಅವರ ಎದುರೇ ಸೀಲು ಒಡೆದೆ. ಕಾರ್ಡು ಹೊಚ್ಚ ಹೊಸದಾಗಿತ್ತು. ಈರಣ್ಣ ನಕ್ಕು ಚಹಾ ತರಿಸಿದರು.

ಮರಳುವ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು. ಐನೂರೈವತ್ತು ವ್ಯಾಟ್ ಇದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲೋ, ಅದೇ ವರ್ಷ ಗೆಳೆಯನಿಗೆ ಜೋಡಿಸಿಕೊಟ್ಟದ್ದರಲ್ಲೋ? ಅಂಗಡಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೊಂದನ್ನೇ. ಈಗಲಾದರೂ ಫೋನ್ ಮಾಡಬಹುದಿತ್ತು, ಮಾಡಲಿಲ್ಲ.

“ಸಿಕ್ತಾ?” ಎಂದು ಕವಿತಾ ಬಾಗಿಲಲ್ಲೇ ಕೈಚಾಚಿದಳು. ಚಪ್ಪಲಿ ಬಿಡದೆ ಒಳಗೆ ಹೋಗಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಮೊಬೈಲಿನ ಬೆಳಕು ಹಾಯಿಸಿದೆ. ಧೂಳು ಒರೆಸಿ ಇನ್ನೊಮ್ಮೆ ನೋಡಿದೆ. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ ಅಚ್ಚಾಗಿದ್ದದ್ದು ನಾನೂರೈವತ್ತು ವ್ಯಾಟ್.