ಬಡ ಕೈ ಮೊದಲು

ಕಂಪ್ಲಿಯ ಗರಡಿಮನೆಯಲ್ಲಿ ಆ ದಿನ ನಾನು ನಿಂತಿದ್ದದ್ದು ಅಖಾಡದ ಪಡುವಣ ಅಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು. ಯುಗಾದಿ ಕಳೆದು ಬಂದ ಸೋಮವಾರ. ಹೊತ್ತು ಆಗಷ್ಟೇ ಮೂಡಿ, ಬಾಗಿಲಿನಿಂದ ಬಿಸಿಲು ಕೆಂಪು ಮಣ್ಣಿನ ಮೇಲೆ ಓರೆಯಾಗಿ ಬಿದ್ದಿತ್ತು. ಈರಣ್ಣ ಉಸ್ತಾದರು ದಂಡ ಹೊಡೆದು ಎದ್ದರು. ಅವರು ಅಂಗೈ ಊರಿದ್ದ ಜಾಗದಲ್ಲಿ ಬಲಗೈಯ ಗುರುತು ಆಳವಾಗಿತ್ತು. ಎಡಗೈಯದು ಬರೀ ಮೇಲುಮೇಲೆ ಮೂಡಿತ್ತು.

ಆ ಗುರುತುಗಳನ್ನು ಓದಲು ನಮಗೆ ಕಲಿಸಿದವರೇ ಅವರು. ಮಜ್ಜಿಗೆ, ಎಣ್ಣೆ, ಅರಿಸಿನ ಕುಡಿದ ಮಣ್ಣನ್ನು ಹಲಗೆಯಿಂದ ಸಮ ಮಾಡಿ, ಅದರ ಮೇಲೆ ನಮ್ಮಿಂದ ದಂಡ ಹೊಡೆಸಿ, ಆಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಯಾರಾದರೂ ಮೊಬೈಲಿನಲ್ಲಿ ತಮ್ಮ ತೋಳು ನೋಡಿಕೊಂಡರೆ, "ಅದರಾಗೇನ್ ನೋಡ್ತೀಲೇ? ಬಾ, ಮಣ್ಣಾಗ ನೋಡು" ಎನ್ನುತ್ತಿದ್ದರು.

ಅದಕ್ಕೂ ಹಿಂದಿನ ವರ್ಷದ ಮಾತು. ನಾನು ಯಶವಂತನಗರದಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದೆ. ಸಂಡೂರಿನ ಇಳಿಜಾರಿನಲ್ಲಿ ಬೈಕ್ ಜಾರಿ ಬಲಭುಜ ಮುರಿದಿತ್ತು. ಪಟ್ಟಿ ಬಿಚ್ಚುವಷ್ಟರಲ್ಲಿ ತೋಳು ಜೋಳದ ದಂಟಿನಂತಾಗಿತ್ತು. ಸ್ಟೇರಿಂಗ್ ತಿರುಗಿಸಲು ಆಗುತ್ತಿರಲಿಲ್ಲ. ಊರಿಗೆ ಮರಳಿ ಗರಡಿಗೆ ಬಂದ ಮೊದಲ ದಿನ ಭಾರವನ್ನೆಲ್ಲ ಎಡಗೈ ಮೇಲೆ ಹಾಕಿ ದಂಡ ಹೊಡೆದೆ. ಉಸ್ತಾದರು ಮಣ್ಣು ನೋಡಿದರು.

"ಏನೋ ಡ್ರೈವರ್, ಎಡಗೈ ದುಡೀತೈತಿ. ಬಲಗೈ ಬರೇ ಉಣ್ಣಾಕ ಬಂದೈತೇನು?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನನ್ನನ್ನು ಗೋಡೆಯ ಕಲ್ಲಿನ ಮುಂದೆ ನಿಲ್ಲಿಸಿ, ಒಂದೇ ಅಂಗೈ ಊರಿ ಬಾಗುವುದನ್ನೂ ಏಳುವುದನ್ನೂ ಹೇಳಿಕೊಟ್ಟರು.

"ಬಡ ಕೈ ಮೊದ್ಲು. ಅದು ಎಷ್ಟು ಮಾಡತೈತಿ, ಗಟ್ಟಿ ಕೈನೂ ಅಷ್ಟ ಮಾಡ್ಬೇಕು. ಒಂದೂ ಜಾಸ್ತಿ ಬ್ಯಾಡ. ಗಟ್ಟಿ ಇದ್ದದ್ದು ಕಾಯ್ಲಿ."

ಕಬ್ಬು ಕಡಿಯುವ ಹೊತ್ತಿಗೆ ನನ್ನ ಎರಡು ಗುರುತೂ ಒಂದೇ ಆಳಕ್ಕೆ ಬಂದವು. ಉಸ್ತಾದರು ಹೊಗಳಲಿಲ್ಲ. "ಹೋಗು, ಗಾಡಿ ಹತ್ತು" ಎಂದರು, ಅಷ್ಟೇ. ನಾನು ಗಾಡಿ ಹತ್ತಿದೆ, ಗರಡಿ ಬಿಡಲಿಲ್ಲ.

ಆ ಸೋಮವಾರ ನಾನೇ ಬಾಯಿಬಿಟ್ಟೆ. "ಉಸ್ತಾದ್ರ, ನಿಮ್ಮ ಎಡಗೈ..."

ಅವರು ಬಗ್ಗಿ ತಮ್ಮ ಗುರುತುಗಳನ್ನು ನೋಡಿದರು. ಆಮೇಲೆ ಪಾದದಿಂದ ಅಳಿಸಿದರು. "ಸೋಮಾರಿ ಆಗೈತಿ. ದುಡಿಸಿದ್ರ ದಾರಿಗೆ ಬರತೈತಿ."

ಮರುದಿನದಿಂದ ನನಗೆ ಹೇಳಿಕೊಟ್ಟ ಅದೇ ಕಲ್ಲಿಗೆ ಎಡಗೈ ಊರಿ ತಾವೇ ಸಾಮು ಶುರು ಮಾಡಿದರು. ಹರೆಯದಿಂದ ಅವರ ಜೋಡಿ ಕುಸ್ತಿ ಆಡಿದ್ದ ಖಾಜಾಸಾಬರು ಉಸ್ತಾದರ ತೋಳಿಗೆ ಎಣ್ಣೆ ತಿಕ್ಕುತ್ತ, "ಈರಣ್ಣ, ಇದು ಗರಡಿ ಕೆಲ್ಸ ಅಲ್ಲೋ. ಹೊಸಪೇಟಿಗೆ ಹೋಗಿ ಡಾಕ್ಟರಿಗೆ ತೋರಸಾನ, ನಡಿ" ಎಂದರು.

"ನೀ ಚಿತ್ ಆದಾಗೆಲ್ಲ ಯಾವ ಡಾಕ್ಟರ್ ಬಂದು ಎತ್ತಿದ್ನಲೇ, ಸಾಬಾ?"

ನಾವು ನಕ್ಕೆವು. ನಗುನಗುತ್ತಿದ್ದಂತೆ ಉಸ್ತಾದರ ಎಡಗೈಯಿಂದ ಚಹಾದ ಗ್ಲಾಸು ಬಿತ್ತು. ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬೆರಳುಗಳು ಇನ್ನೂ ಗ್ಲಾಸು ಹಿಡಿದಂತೆಯೇ ಇದ್ದವು.

ಅಂದೂ ಅವರು ಹೊಸಪೇಟೆಗೆ ಬರಲಿಲ್ಲ. ಅದೇ ವಾರ ಕಲ್ಲಿನ ಮುಂದೆಯೇ ಕುಸಿದರು. ಲಕ್ವ ಹೊಡೆದು ಎಡ ಮೈ ಪೂರ್ತಿ ಹೋಯಿತು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಮಗಳು ಗಂಗಕ್ಕ ಅವರನ್ನು ಆಟೋದಲ್ಲಿ ಕರೆತಂದಳು. ಗರಡಿಯೊಳಗೆ ಹೆಂಗಸರು ಕಾಲಿಡುವುದಿಲ್ಲ; ಆಕೆ ಹೊಸ್ತಿಲಾಚೆ ನಿಂತಳು. ಖಾಜಾಸಾಬರೂ ನಾನೂ ಉಸ್ತಾದರನ್ನು ಹಿಡಿದು ಮಣ್ಣಿನ ಅಂಚಿಗೆ ಕೂರಿಸಿದೆವು. ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಮಣ್ಣಿನ ಮೇಲಿಟ್ಟರು. ಅದು ಒಣ ಎಲೆಯಂತೆ ಕೂತಿತು. ಆಮೇಲೆ ಪಕ್ಕದಲ್ಲಿ ಬಲಗೈ ಇಟ್ಟರು. ಊರಲಿಲ್ಲ. ಅದು ಮಣ್ಣಿಗೆ ಇಳಿಯದಂತೆ ತಡೆದು ಹಿಡಿದಿದ್ದರು.

ಎರಡೂ ಕೈ ತೆಗೆದಾಗ ಎರಡೂ ಗುರುತು ಕಂಡೂ ಕಾಣದಷ್ಟು ತೆಳುವಾಗಿದ್ದವು.

"ಡ್ರೈವರ್," ಎಂದರು. ಮಾತು ತೊದಲುತ್ತಿತ್ತು. "ನೋಡು. ಸಮ ಅದಾವಿಲ್ಲೋ?"

"ಸಮ ಅದಾವ್ರಿ, ಉಸ್ತಾದ್ರ."

ಸಂಕ್ರಾಂತಿಗೆ ಅವರಿರಲಿಲ್ಲ.

ಆ ಗುರುತುಗಳನ್ನು ನನ್ನ ಜೊತೆ ನೋಡಿದವರು ಇನ್ನಿಬ್ಬರು. ಖಾಜಾಸಾಬರು ಕಂಪ್ಲಿಯಲ್ಲೇ ಇದ್ದಾರೆ, ಗರಡಿಯ ಕೀಲಿ ಈಗ ಅವರ ಹತ್ತಿರ. ಹೊಸ್ತಿಲಾಚೆಯಿಂದ ನೋಡಿದ ಗಂಗಕ್ಕ ಬುಕ್ಕಸಾಗರದಲ್ಲಿದ್ದಾಳೆ; ನಂಬದವರು ಅವರನ್ನು ಕೇಳಬಹುದು.