ದೊಡ್ಡಿಯ ಫೋನಿನ ಅಕ್ಷರ

ಶಾಂಭವಿ ಮಾಡುವ ಕೆಲಸ ಏನೆಂದು ಸುಂಟಿಕೊಪ್ಪದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ದಿನಸಿ ಅಂಗಡಿ ಇಟ್ಟಿದ್ದ ಅವಳ ಅಪ್ಪ ಚಿದಾನಂದ, ಯಾರಾದರೂ ಕೇಳಿದರೆ "ಕುಶಾಲನಗರದಲ್ಲಿ ಕಂಪ್ಯೂಟರ್ ಕೆಲ್ಸ" ಎಂದು ಹೇಳಿ ಬೇಗನೆ ತಕ್ಕಡಿಯ ಕಡೆ ತಿರುಗುತ್ತಿದ್ದರು. ಮೇಲೊಂದು ಪ್ರಶ್ನೆ ಬಂದರೆ ಅವರಿಗೂ ಉತ್ತರ ತಿಳಿದಿರಲಿಲ್ಲ. ಅಕ್ಕ ಸುಧಾ ಮಾತ್ರ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದಳು: "ಇಲ್ದಿರೋ ಫೋನನ್ನ ಇಡೀ ದಿನ ಒತ್ಕಂಡು ಕೂತಿರ್ತಾಳೆ. ಅದಕ್ಕೆ ಸಂಬಳ ಬೇರೆ."

ಸುಧಾ ಹೇಳಿದ್ದು ತಮಾಷೆಗಾದರೂ ಸುಳ್ಳಲ್ಲ. ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ರೇಣುಕಪ್ರಸಾದ್ ನಡೆಸುತ್ತಿದ್ದ ಸಣ್ಣ ಆಫೀಸಿನಲ್ಲಿ, ಕೆಳಗಿನಿಂದ ಬರುವ ಪೇಂಟಿನ ವಾಸನೆಯಲ್ಲಿ ಕೂತು, ಅವಳು ಕಂಪ್ಯೂಟರಿನ ಪರದೆಯ ಮೇಲೆ ಒಂದು ಫೋನನ್ನು ಮೂಡಿಸುತ್ತಿದ್ದಳು. ಅದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ನೋಡಲು ಥೇಟ್ ಫೋನೇ, ಕೈಯಲ್ಲಿ ಹಿಡಿಯಲಾಗದು ಅಷ್ಟೆ. ಹೊಸ ಆ್ಯಪ್ ಒಂದನ್ನು ಜನರ ಕೈಗೆ ಕೊಡುವ ಮೊದಲು, ಯಾವ ಫೋನಿನಲ್ಲಿ ಅದು ಹೇಗೆ ಕಾಣುತ್ತದೆ, ಎಲ್ಲಿ ಎಡವುತ್ತದೆ ಎಂದು ಇದರಲ್ಲಿ ನೋಡಬೇಕು. ಅದೇ ಅವಳ ಕೆಲಸ.

ಆ ಕೆಲಸ ಅವಳಿಗೆ ಇಷ್ಟವೂ ಆಗಿತ್ತು. ಮನೆಯಲ್ಲಿ ಟಿವಿಯ ರಿಮೋಟ್ ಕೂಡ ಕೈಗೆ ಸಿಗದವಳ ಮಾತನ್ನು ಇಲ್ಲಿ ಎಲ್ಲವೂ ಕೇಳುತ್ತಿತ್ತು. ಒಂದು ಗುಂಡಿ ಒತ್ತಿದರೆ ದೊಡ್ಡ ಫೋನು ಸಣ್ಣದಾಗುತ್ತಿತ್ತು. ಇನ್ನೊಂದು ಒತ್ತಿದರೆ ಅಡ್ಡ ಮಲಗುತ್ತಿತ್ತು. ಬಿಳಿ ಪರದೆ ಕಪ್ಪಾಗುತ್ತಿತ್ತು, ಬ್ಯಾಟರಿ ಮುಗಿಯುತ್ತಿತ್ತು, ನೆಟ್‌ವರ್ಕ್ ಸಾಯುತ್ತಿತ್ತು. ಕೂತಲ್ಲೇ ಫೋನನ್ನು ಕುಟ್ಟದಲ್ಲೋ ದುಬಾರೆಯಲ್ಲೋ ನಿಲ್ಲಿಸಬಹುದಿತ್ತು. ತಾನು ಎಲ್ಲರ ಫೋನನ್ನೂ ಬಲ್ಲೆ ಎಂಬ ಸಣ್ಣ ಜಂಬ ಅವಳಿಗೆ ಬಂದಿತ್ತು, ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಆ ವರ್ಷ ರೇಣುಕಪ್ರಸಾದ್ ಮಾಡಿಸುತ್ತಿದ್ದದ್ದು ಆನೆಯ ಆ್ಯಪ್. ಕಾಡಾನೆ ಕಂಡ ವಾಚ್‌ಮನ್ ತನ್ನ ಫೋನಿನಲ್ಲಿ ಜಾಗದ ಹೆಸರು ಆರಿಸಿ ಒತ್ತಿದರೆ ಸಾಕು, ಆ ಎಸ್ಟೇಟಿನ ಕೆಲಸದವರ ಫೋನಿಗೆಲ್ಲ ಸುದ್ದಿ ಹೋಗುತ್ತಿತ್ತು. ಪರದೆಯ ಮೇಲುಗಡೆ ಆನೆಯ ಚಿತ್ರ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ "ಆನೆ ಇದೆ", ಅದಕ್ಕೂ ಕೆಳಗೆ ಎಲ್ಲಿದೆ ಎಂಬ ಜಾಗದ ಹೆಸರು. ಇದಿಷ್ಟೇ. ಇಷ್ಟು ಸರಳವಾದದ್ದು ಕೆಡಲು ಏನಿದೆ ಎಂದು ಯಾರಿಗಾದರೂ ಅನ್ನಿಸಬೇಕು.

ಆ ಶನಿವಾರ ಮಧ್ಯಾಹ್ನ ರೇಣುಕಪ್ರಸಾದ್ ಅದನ್ನು ಮಡಿಕೇರಿಯಲ್ಲಿ ಎಸ್ಟೇಟಿನವರ ಸಭೆಗೆ ಒಯ್ಯುವವರಿದ್ದರು. ಶಾಂಭವಿ ಒಂದೊಂದೇ ಸೆಟ್ಟಿಂಗ್ ಬದಲಾಯಿಸಿ ನೋಡುತ್ತ ಕೊನೆಗೆ ಅಕ್ಷರದ ಗಾತ್ರಕ್ಕೆ ಬಂದಳು. ಎಡದಲ್ಲಿ ಸಣ್ಣ ಅಕ್ಷರ, ಬಲದಲ್ಲಿ ದೊಡ್ಡದು, ನಡುವೆ ಒಂದು ಗೆರೆ, ಗೆರೆಯ ಮೇಲೊಂದು ಚುಕ್ಕೆ. ಚುಕ್ಕೆಯನ್ನು ಬಲಕ್ಕೆ ಎಳೆದಂತೆ ಅಕ್ಷರ ಉಬ್ಬುತ್ತ ಹೋಯಿತು. ತೀರಾ ಕೊನೆಗೆ ಮುಟ್ಟಿಸಿದಾಗ ಆನೆಯ ಚಿತ್ರವೂ "ಆನೆ ಇದೆ" ಎಂಬ ಮಾತೂ ಸೇರಿ ಪರದೆಯನ್ನೆಲ್ಲ ತುಂಬಿಕೊಂಡವು. ಜಾಗದ ಹೆಸರು ಕಾಣಲಿಲ್ಲ. ಅವಳು ಪರದೆಯನ್ನು ಮೇಲಕ್ಕೆ ಸರಿಸಲು ನೋಡಿದಳು. ಅದು ಜಗ್ಗಲಿಲ್ಲ. ಹೆಸರು ಅಂಚಿನ ಕೆಳಗೆ ಎಲ್ಲೋ ಉಳಿದುಹೋಗಿತ್ತು.

ಕೆಳಗೆ ರಸ್ತೆಯಲ್ಲಿ ಸುಧಾಳ ಸ್ಕೂಟರ್ ಹಾರ್ನ್ ಹೊಡೆಯುತ್ತಿತ್ತು. ಅವಳ ನಿಶ್ಚಿತಾರ್ಥಕ್ಕೆ ಸೀರೆ ತೆಗೆಯಲು ಇಬ್ಬರೂ ಹೋಗಬೇಕಿತ್ತು.

"ಏ ಶಾಂಭವೀ, ಬಾರೇ! ಅಂಗ್ಡಿ ಬಾಗ್ಲು ಹಾಕಿದ್ಮೇಲೆ ಹೋಗಾದಾ?"

ಈಗ ಹೇಳಿದರೆ ರೇಣುಕಪ್ರಸಾದ್ ಮತ್ತೆ ಕೂರಬೇಕು, ಅವರ ಜತೆ ತಾನೂ ಕೂರಬೇಕು. ಇಷ್ಟು ದೊಡ್ಡ ಅಕ್ಷರ ಯಾರಪ್ಪ ಇಟ್ಟುಕೊಳ್ಳುತ್ತಾರೆ ಎಂದುಕೊಂಡಳು. ಚುಕ್ಕೆಯನ್ನು ಮೆಲ್ಲಗೆ ಎಡಕ್ಕೆ, ಮೊದಲಿದ್ದ ಜಾಗಕ್ಕೆ ಎಳೆದಳು. ಜಾಗದ ಹೆಸರು ಏನೂ ಆಗೇ ಇಲ್ಲವೆಂಬಂತೆ ಬಂದು ಕೂತಿತು.

"ಎಲ್ಲ ಸೈಜಲ್ಲೂ ನೋಡಿದ್ಯೇನಮ್ಮ?" ಎಂದು ರೇಣುಕಪ್ರಸಾದ್ ಬ್ಯಾಗು ಹೆಗಲಿಗೇರಿಸುತ್ತ ಕೇಳಿದರು.

"ನೋಡಿದೀನಿ ಸಾರ್," ಎಂದಳು. ನೋಡಿದ್ದಂತೂ ನಿಜವೇ. ಆ ಮಾತಿನ ಬೆನ್ನ ಹಿಂದೆ ಅವಿತುಕೊಂಡು ಮೆಟ್ಟಿಲಿಳಿದಳು, ಅಕ್ಕನಿಗೆ ಗಿಳಿಹಸಿರಿನ ಸೀರೆ ತೆಗೆಸಿದಳು, ಬಿಸಿ ಗೋಳಿಬಜೆ ತಿಂದಳು, ಮರೆತಳು.

ದೊಡ್ಡಿ ಅಜ್ಜಿ ಅಂಗಡಿಗೆ ಬಂದದ್ದು ಅದಾಗಿ ಒಂದೆರಡು ವಾರದ ಮೇಲೆ, ಸಂತೆಯ ದಿನ. ಊರಿನಾಚೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ವಾಸ, ಹುಟ್ಟಿದಾಗಿನಿಂದ ತೋಟದ ಕೆಲಸ. ಸಂತೆ ಮುಗಿಸಿ ಚಿದಾನಂದರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕದೆ ಅವಳು ಹಿಂದಿರುಗಿದ್ದಿಲ್ಲ. ಶಾಂಭವಿ ಅಂಗಡಿಯ ಅಕ್ಕಿ ಮೂಟೆಯ ಮೇಲೆ ಮಲಗುತ್ತಿದ್ದ ಕಾಲದಿಂದಲೂ ಅವಳನ್ನು ಬಲ್ಲವಳು. ನಡುವಯಸ್ಸಿನಲ್ಲಿ ಲೈನಿಗೆ ಬಂದ ಸಾಕ್ಷರತೆ ತರಗತಿಯಲ್ಲಿ ಓದು ಕಲಿತಿದ್ದಳು. ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಹೆಂಗಸಲ್ಲ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಗೋಡೆಯ ಜಾಹೀರಾತು, ಎಲ್ಲವನ್ನೂ ಗಟ್ಟಿಯಾಗಿ ಓದಿಯೇ ಮುಂದೆ ಹೋಗುತ್ತಿದ್ದಳು. ಲೈನಿಗೆ ಮದುವೆ ಕಾಗದ ಬಂದರೂ ಓದಿ ಹೇಳುವವಳು ಅವಳೇ. ಕಣ್ಣು ಮಂಜಾಗುತ್ತ ಬಂದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಕೂಸೇ, ಇಲ್ಲಿ ಬಾ," ಎಂದು ಶಾಂಭವಿಯನ್ನು ಹತ್ತಿರ ಕರೆದು, ಹಾಲಿನ ಕವರಿನಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿದಳು. "ಎಸ್ಟೇಟಲ್ಲಿ ಆನೆದು ಏನೋ ಹಾಕಿ ಕೊಟ್ಟವ್ರೆ. ಅಕ್ಷರ ಇರುವೆ ಹಂಗೆ ಹರೀತದೆ. ಕಾಣಕಿಲ್ಲ ಅಂದ್ರೆ ಮಾನ ಹೋಯ್ತದೆ. ಏನಾರ ಮಾಡು."

ಶಾಂಭವಿ ನಕ್ಕಳು. ಈ ಊರಿನಲ್ಲಿ ಮೊದಲ ಬಾರಿಗೆ ತನ್ನ ಕೆಲಸ ಒಬ್ಬರಿಗೆ ಬೇಕಾಗಿತ್ತು. ಸೆಟ್ಟಿಂಗ್ ತೆರೆದು, ಅದೇ ಗೆರೆಯ ಮೇಲಿನ ಅದೇ ಚುಕ್ಕೆಯನ್ನು ಬಲಕ್ಕೆ, ತೀರಾ ಕೊನೆಗೆ ಎಳೆದುಬಿಟ್ಟಳು. ದೊಡ್ಡಿ ಫೋನನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಅಂಗಡಿಗೆಲ್ಲ ಕೇಳುವಂತೆ ಏನೇನೋ ಓದಿದಳು. "ನೋಡಿ ಚಿದಾನಂದಣ್ಣ, ನಿಮ್ ಮಗ್ಳು ನಂಗೆ ಕಣ್ಣು ಕೊಟ್ಳು," ಎಂದಳು. ಅಪ್ಪನ ಮುಖ ಅರಳಿತು. ಶಾಂಭವಿಗೆ ಆ ದಿನವೆಲ್ಲ ಹಿಗ್ಗು. ಆ ಶನಿವಾರದ ಪರದೆ ಅವಳ ಮನಸ್ಸಿಗೆ ಬರಲೇ ಇಲ್ಲ. ನೆನಪಾಗಿದ್ದೂ ಮುಚ್ಚಿಟ್ಟಿದ್ದರೆ ಅವಳನ್ನು ಕೆಟ್ಟವಳೆಂದು ಬೈದು ಮುಗಿಸಬಹುದಿತ್ತು. ಅವಳಿಗೆ ನೆನಪೇ ಆಗಲಿಲ್ಲ.

ಹಲಸು ಹಣ್ಣಾಗುವ ಕಾಲ ಬಂತು, ತೋಟಗಳಿಗೆ ಆನೆಯೂ ಬಂತು.

ಆ ಎಸ್ಟೇಟಿನ ವಾಚ್‌ಮನ್ ಲಿಂಗನಿಗೆ ಹಳೆಯದೊಂದು ರೂಢಿಯಿತ್ತು. ಆನೆ ದೂರದಲ್ಲಿದ್ದರೆ ಡಬ್ಬ ಬಡಿದು ಜಾಗದ ಹೆಸರು ಕೂಗುತ್ತಿದ್ದ: "ಕೆರೇಲಿ ಆನೆ", "ಸ್ಟೋರಿನ ಹಿಂದೆ ಆನೆ". ಲೈನಿನ ಬಾಗಿಲಿಗೇ ಬಂದಿದ್ದರೆ ಹೆಸರು ಹೇಳುವ ಪುರುಸೊತ್ತೆಲ್ಲಿ? "ಆನೆ, ಆನೆ" ಎಂದಷ್ಟೇ ಕೂಗುತ್ತಿದ್ದ. ಹೆಸರಿಲ್ಲದ ಆನೆ ಎಂದರೆ ಮನೆ ಮುಂದಿನ ಆನೆ ಎಂದು ಲೈನಿನ ಮಕ್ಕಳಿಗೂ ಗೊತ್ತಿತ್ತು. ಆ್ಯಪ್ ಬಂದ ಮೇಲೆ ಲಿಂಗ ಡಬ್ಬವನ್ನು ಮೂಲೆಗೆಸೆದು ಫೋನು ಒತ್ತಲು ಕಲಿತ. ಆ ಬೆಳಿಗ್ಗೆಯೂ ತಪ್ಪಿಲ್ಲದೆ "ಕೆರೆ ದಾರಿ" ಎಂದು ಆರಿಸಿಯೇ ಒತ್ತಿದ.

ಕೆಲಸದ ಹಾಜರಿಗೆ ಹೊರಟು ನಿಂತಿದ್ದವರು ದೊಡ್ಡಿ ಮತ್ತು ಪಕ್ಕದ ಮನೆಯ ಮುದ್ದಿ ಇಬ್ಬರೇ. ಮುದ್ದಿಗೆ ಓದು ಬಾರದು. ದೊಡ್ಡಿಯ ಫೋನು ಗುಂಯ್ ಎಂದಿತು. ಅವಳು ಹಾಲಿನ ಕವರು ಸರಿಸಿ ಓದಿದಳು, "ಆನೆ ಇದೆ." ಮತ್ತೆ ನೋಡಿದಳು. ಹೆಸರಿರಲಿಲ್ಲ. ಹೆಸರಿಲ್ಲ ಎಂದರೆ ಮನೆ ಮುಂದೆ, ಗೇಟಿನ ದಾರಿಯ ಹಲಸಿನ ಮರಗಳಡಿಯಲ್ಲಿ. "ಮುಂದೆ ಹೋಗಬ್ಯಾಡ, ಹಿಂದಿಂದ ಬಾ," ಎಂದು ಮುದ್ದಿಯ ಕೈ ಹಿಡಿದೆಳೆದುಕೊಂಡು ಮನೆಗಳ ಹಿಂದಿನ ಕೆರೆ ದಾರಿಗೆ ಓಡಿದಳು. ಆನೆ ಅಲ್ಲೇ ನಿಂತಿತ್ತು. ಅದು ತಿರುಗಿ ಘೀಳಿಟ್ಟದ್ದೇ ತಡ, ಮುದ್ದಿ ಬಂದ ದಾರಿಯಲ್ಲಿ ವಾಪಸು ಓಡಿ ಉಳಿದಳು. ದೊಡ್ಡಿ ದಿಕ್ಕುಗೆಟ್ಟು ಆನೆ ದಾಟದಂತೆ ಪಕ್ಕದಲ್ಲಿ ತೋಡಿದ್ದ ಕಂದಕಕ್ಕೆ ಬಿದ್ದಳು. ಆನೆ ತನ್ನ ಪಾಡಿಗೆ ತಾನು ಹೋಯಿತು. ಅವಳ ತೊಡೆಯ ಮೂಳೆ ಮುರಿದಿತ್ತು.

ಸಂಜೆ ಅಂಗಡಿಯಲ್ಲಿ ಅಪ್ಪ ಇದನ್ನೆಲ್ಲ ಹೇಳಿ, "ಫೋನಲ್ಲಿ ಬರೀ ಆನೆ ಇದೆ ಅಂತ ಇತ್ತಂತೆ, ಜಾಗ ಇರ್ಲಿಲ್ವಂತೆ. ಉಳಿದೋರ ಫೋನಲ್ಲೆಲ್ಲ ಇತ್ತಂತೆ. ವಯಸ್ಸಾಯ್ತು ನೋಡು, ಅರ್ಧ ಓದಿ ಓಡಿದಾಳೆ," ಎಂದಾಗ ಶಾಂಭವಿ ಕಾಫಿ ಕುಡಿಯುತ್ತಿದ್ದಳು. ಶನಿವಾರ, ಹಾರ್ನ್, ಚುಕ್ಕೆ ಎಲ್ಲವೂ ಈಗ ಒಟ್ಟಿಗೆ ನೆನಪಿಗೆ ಬಂದವು. ಅಪ್ಪನಿಗೆ ಅಲ್ಲ ಎನ್ನಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿಗೆ ಕಾಫಿ ಲೋಟ ಹಿಡಿದಳು. ಏನೂ ತಪ್ಪು ಮಾಡದ ದೊಡ್ಡಿಯ ಮೇಲೆ ಊರು ಗೂಬೆ ಕೂರಿಸುತ್ತಿದೆ, ತಾನು ಕಾಫಿ ಕುಡಿಯುತ್ತಿದ್ದೇನೆ ಎನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಆಫೀಸಿನಲ್ಲಿ ಸಿಮ್ಯುಲೇಟರ್ ತೆರೆದು ದೊಡ್ಡಿಯದೇ ಅಳತೆಯ ಫೋನನ್ನು ಆರಿಸಿದಳು. ಸುಳ್ಳು ಆನೆಯನ್ನು ಕೆರೆ ದಾರಿಯಲ್ಲಿ ನಿಲ್ಲಿಸಿದಳು. ಚುಕ್ಕೆಯನ್ನು ಬಲಕ್ಕೆ ಎಳೆದಳು. "ಆನೆ ಇದೆ" ಎಂದಿತು ಪರದೆ. ಮತ್ತೇನೂ ಇಲ್ಲ. ದೊಡ್ಡಿ ಆ ಬೆಳಿಗ್ಗೆ ಕಂಡದ್ದನ್ನು ಅವಳಿಗಿಂತ ಮೊದಲೇ ಕಂಡವಳು ತಾನೊಬ್ಬಳೇ ಎಂದು ಶಾಂಭವಿ ಅಲ್ಲೇ ಅತ್ತುಬಿಟ್ಟಳು.

ರೇಣುಕಪ್ರಸಾದ್ ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ಕೇಳಿ ಟೀ ತರಿಸಿದರು. ಆಮೇಲೆ ಕೂತು ಸರಿ ಮಾಡಿದರು. ಜಾಗದ ಹೆಸರು ಮೇಲೆ ಬಂತು, ಚಿತ್ರ ಕೆಳಗೆ ಹೋಯಿತು. ತರಿಸಿದ ಟೀ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಷ್ಟೇ ಕೆಲಸವಿತ್ತು ಎಂಬುದೇ ಶಾಂಭವಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಆಗಿದ್ದು ಆಗೋಯ್ತು, ತಲೆ ಕೆಡಿಸ್ಕೋಬೇಡ," ಎಂದರು ಅವರು. "ಎಸ್ಟೇಟಿನವ್ರಿಗೆ ನಾನು ಹೇಳ್ತೀನಿ. ನೀನೇನೂ ಬೇಕಂತ ಮಾಡ್ಲಿಲ್ವಲ್ಲ."

ಬೇಕೆಂದೇ ಮಾಡಿದ್ದು ಸಾರ್, ಸೀರೆ ತೆಗೆಯಲು ಹೋಗಬೇಕೆಂದು ಮಾಡಿದ್ದು, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಮಡಿಕೇರಿಯ ಆಸ್ಪತ್ರೆಗೆ ಕಿತ್ತಳೆ ಹಿಡಿದು ಹೋದಾಗ ದೊಡ್ಡಿ ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದಳು. ಶಾಂಭವಿಯನ್ನು ಕಂಡದ್ದೇ ಮುಖ ಬೆಳಗಿತು. ಪಕ್ಕದ ಮಂಚದ ಹೆಂಗಸಿಗೆ, "ಇದೇ ಕೂಸು ನಂಗೆ ಫೋನಲ್ಲಿ ಅಕ್ಷರ ದೊಡ್ಡ ಮಾಡಿಕೊಟ್ಟಿದ್ದು. ಅದಿರ್ಲಿಲ್ಲ ಅಂದಿದ್ರೆ ಆನೆ ಅಂತಲೂ ತಿಳೀತಿರ್ಲಿಲ್ಲ," ಎಂದು ಹೊಗಳಿದಳು. "ನಂದೇ ತಪ್ಪು. ಎಲ್ಲಾ ಓದಿದೆ, ಜಾಗ ಮಾತ್ರ ಬಿಟ್ಟೆ ಅಂತವ್ರೆ ಎಲ್ರೂ. ಇನ್ಮ್ಯಾಕೆ ನಾನು ಓದಿ ಹೇಳಾದು ಬ್ಯಾಡ್ವಂತೆ."

ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದ ಶಾಂಭವಿಗೆ ಈ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. "ನಿಂದಲ್ಲ ಅಜ್ಜಿ," ಎಂದಳು. "ಜಾಗದ ಹೆಸ್ರು ನಿನ್ ಫೋನಲ್ಲಿ ಕಾಣ್ತಾನೇ ಇರ್ಲಿಲ್ಲ. ಅಕ್ಷರ ದೊಡ್ಡ ಮಾಡಿದ್ರೆ ಅದು ಕೆಳಗೆ ಹೋಗಿ ಮುಚ್ಕಂತಿತ್ತು. ಅದನ್ನ ನೋಡೋದೇ ನನ್ ಕೆಲ್ಸ."

ದೊಡ್ಡಿ ಅವಳನ್ನೇ ನೋಡಿದಳು. "ನೀ ಕಂಡಿದ್ಯಾ?"

"ಕಂಡಿದ್ದೆ."

"ನಂಗೆ ದೊಡ್ಡ ಮಾಡಿಕೊಡಕೂ ಮುಂಚೆ?"

"ಹೂಂ. ಮುಂಚೆ." ಶಾಂಭವಿ ಅವಳ ಕೈ ಹಿಡಿಯಲು ಹೋದಳು. "ಲೈನಿಗೆ ಹೋಗಿ ಎಲ್ಲರಿಗೂ ಹೇಳ್ತೀನಿ ಅಜ್ಜಿ. ತಪ್ಪು ನಂದು ಅಂತ."

"ಹೇಳು," ಎಂದಳು ದೊಡ್ಡಿ. ಕೈಯನ್ನು ಮಾತ್ರ ಕೊಡಲಿಲ್ಲ. ಕಿತ್ತಳೆಯ ಚೀಲದ ಕಡೆಗೂ ನೋಡಲಿಲ್ಲ. ದಿಂಬಿನಡಿಯಿಂದ ಫೋನು ತೆಗೆದು, ಹಾಲಿನ ಕವರು ಬಿಚ್ಚಿ ಮುಂದೆ ಹಿಡಿದಳು. "ಅಕ್ಷರ ಸಣ್ಣ ಮಾಡು."

"ಈಗ ಸರಿ ಮಾಡಿದಾರೆ ಅಜ್ಜಿ. ದೊಡ್ಡದಿದ್ರೂ ಎಲ್ಲಾ ಕಾಣ್ತದೆ. ನಾನೇ ನೋಡಿದೀನಿ."

"ನೋಡಿದೀಯ, ಇರ್ಬೋದು. ನೀ ಸಣ್ಣ ಮಾಡು. ಕಾಣದೇ ಇದ್ದಿದ್ರೆ ನಾನು ಯಾರನ್ನಾರ ಕೇಳ್ತಿದ್ದೆ. ಕಂಡಿದ್ದಕ್ಕೆ ಕೇಳ್ಲಿಲ್ಲ."

ಶಾಂಭವಿ ಸೆಟ್ಟಿಂಗ್ ತೆರೆದಳು. ಗೆರೆಯ ಮೇಲಿನ ಚುಕ್ಕೆಯನ್ನು, ಆ ಶನಿವಾರ ಎಳೆದ ಹಾಗೆಯೇ, ಎಡಕ್ಕೆ ಎಳೆದಳು.

ದೊಡ್ಡಿ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಕಣ್ಣು ಕಿರಿದು ಮಾಡಿದಳು. ಏನೂ ಕಾಣಲಿಲ್ಲವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಶಾಂಭವಿಯನ್ನು ದಾಟಿ ಆಚೆಯ ಮಂಚದ ಕಡೆ ಫೋನು ಚಾಚಿ, "ಇದ್ರಾಗೆ ಏನು ಬರ್ದದೆ, ಒಸಿ ಓದಿ ಹೇಳವ್ವ," ಎಂದಳು.