ಡೈರಿ ಬಾಗ್ಲು, ಕಂಪ್ನಿ ಬಸ್ಸು, ಮಧ್ಯೆ ಒಬ್ಬ ಭಾವ

ಹಾರೋಹಳ್ಳಿ ಫ್ಯಾಕ್ಟ್ರೀಲಿ ನಾನು ಹೊಲಿಗೆ ಮಿಷನ್ ಮುಂದೆ ಕೂತಿದ್ದ ಕಾಲದ ಮಾತಿದು. ನಮ್ಮೂರು ಕನಕಪುರದ ಕಡೆ. ಕಂಪ್ನಿ ಬಸ್ಸು ಊರಿಗೆ ಬರ್ತಿದ್ದುದು ಬೆಳಗ್ಗೆ ಆರೂವರೆಗೆ. ಹಾಲಿನ ಡೈರಿ ಬಾಗ್ಲು ತೆಗೀತಿದ್ದುದೂ ಆರೂವರೆಗೇ. ಕ್ಯಾನ್ ಹಿಡ್ಕಂಡು ನಿಂತ್ರೆ ಬಸ್ಸು ಹೋಗ್ಬುಡ್ತಿತ್ತು, ಬಸ್ ಹತ್ತಿದ್ರೆ ಹಾಲು ಮನೇಲೇ. ಲೇಟಾಗಿ ಹೋದ್ರೆ ಗೇಟಿಂದಲೇ ವಾಪಸ್. ಇನ್ನೊಂದ್ ಸಲ ಲೇಟಾದ್ರೆ ಕೆಲ್ಸದಿಂದ ತೆಗೀತೀವಿ ಅಂತ ಮ್ಯಾನೇಜರು ನಮ್ಮೂರ ಹೆಂಗಸರಿಗೆಲ್ಲ ಹೇಳ್ಬುಟ್ರು. ಹಸು ಮಾರ್ಬೇಕು, ಇಲ್ಲಾ ಕೆಲ್ಸ ಬುಡ್ಬೇಕು. ನಂಗೆ ಎರಡೂ ಬೇಕಾಗಿತ್ತು.

ಯೂನಿಯನ್ ಲೀಡ್ರೂ ನಮ್ಮೂರವನೇ. ಬಸ್ಸು ಲೇಟಾಗಿ ಬರ್ಲಿ ಅಂತ ಅವನ ಪಟ್ಟು. ಶಿಫ್ಟು ಬದಲಾಯ್ಸಲ್ಲ ಅಂತ ಕಂಪ್ನಿಯೋರ ಪಟ್ಟು. ಕಡೆಗೆ ರಾಮನಗರದ ಲೇಬರ್ ಆಫೀಸಲ್ಲಿ ರಾಜಿ ಮಾಡ್ಸೋ ಸಾಹೇಬ್ರ ಮುಂದೆ ಹೋಗಿ ಕೂತ್ವಿ.

ಕೂತಿದ್ದೇ ತಡ, ನಮ್ ಲೀಡ್ರು ಹಾಲೂ ಬುಟ್ಟ, ಬಸ್ಸೂ ಬುಟ್ಟ. ಮ್ಯಾನೇಜರು ಮಾತುಕತೆಗೆ ನಮ್ಮನ್ನ ಬರೀ ಫೋನಲ್ಲಿ ಕರೆದ್ರು, ಮರ್ಯಾದಸ್ಥರನ್ನ ಎದುರಿಗೆ ಬಂದು ಕರೀಬೇಕು ಅಂತ ಶುರು ಹಚ್ಕಂಡ. ಮಧ್ಯಾಹ್ನದ ತನಕ ಅದೇ ಕಥೆ. ಕಂಪ್ನಿಯೋರು ತರ್ಸಿದ ಕಾಫೀನೂ ನಮಗೆ ಮುಟ್ಟೋಕೆ ಬುಡ್ನಿಲ್ಲ.

ಸಾಹೇಬ್ರು ನಿಧಾನದ ಮನುಷ್ಯ. ಮ್ಯಾನೇಜರ್‌ನ ಹೊರಗೆ ಕೂರ್ಸಿ ನಮ್ಮನ್ನ ಕೇಳಿದ್ರು.

"ಅಲ್ಲಮ್ಮಾ, ಆ ಡೈರಿನೇ ಒಸಿ ಮುಂಚೆ ತೆಗುದ್ರೆ ಆಗಲ್ವಾ? ಸೆಕ್ರೆಟ್ರಿ ಯಾರು?"

ನಾವೆಲ್ಲ ಲೀಡ್ರು ಮಖ ನೋಡುದ್ವಿ. ಅವನು ಮೇಲಿನ ಫ್ಯಾನ್ ನೋಡ್ದ. ನಾನೇ ಹೇಳ್ಬುಟ್ಟೆ. ಡೈರಿ ಸೆಕ್ರೆಟ್ರಿ ಇವನ ಅಕ್ಕನ ಗಂಡ ಸಾರ್, ಇಬ್ರಿಗೂ ಮಾತಿಲ್ಲ. ತನ್ನ ಮಗನ ಮುಡಿ ತೆಗ್ಸಿದ ಬಾಡೂಟಕ್ಕೆ ಇವನು ಭಾವನ ಮನೆಗೋಗಿ ಕರೀನಿಲ್ಲ, ಫೋನಲ್ಲೇ ಕರ್ದ ಅಂತ ಭಾವಂಗೆ ಸಿಟ್ಟು.

ಸಾಹೇಬ್ರು ಪೆನ್ನು ಕೆಳಗಿಟ್ರು. "ಏನಪ್ಪಾ ಲೀಡ್ರೇ, ಮರ್ಯಾದಸ್ಥರನ್ನ ಹಂಗಾ ಕರೆಯೋದು?"

ಮುಂದಿನ ಮಾತುಕತೆಗೆ ಭಾವನ್ನ ಮನೆಗೋಗಿ ಕರ್ದು, ಜೊತೇಲೇ ಕರ್ಕಂಡ್ ಬಾ ಅಂದ್ರು. ಬಾಳೆಹಣ್ಣು, ಎಲೆ ಅಡಿಕೆ ಹಿಡ್ಕಂಡು ಲೀಡ್ರು ಹೊರಟ. ಒಬ್ನೇ ಹೋಗೋಕೆ ಧೈರ್ಯ ಸಾಲ್ದೆ ನಮ್ಮನ್ನೂ ಎಳ್ಕಂಡೋದ. ಫ್ಯಾಕ್ಟ್ರಿ ಗೇಟಲ್ಲಿ ಮೈಕಿಲ್ದೆ ಗುಡುಗೋ ಗಂಡು, ಜಗಲಿ ಮುಂದೆ "ಬರ್ಬೇಕು ಭಾವ" ಅನ್ನೋದ್ರೊಳಗೆ ಬೆವತೋದ.

"ಯಾಕ್ಲಾ, ಫೋನಲ್ಲಿ ಕರೆನ್ಸಿ ಇರ್ನಿಲ್ವಾ?" ಅಂದ ಭಾವ.

ಅಷ್ಟ್ರಲ್ಲಿ ಅಕ್ಕ ಒಳಗೆ ಕಾಫಿಗೆ ಇಟ್ರು. ನನ್ ಹಸು ಉಳ್ಕತು ಅಂತ ನಂಗೆ ಆಗ್ಲೇ ಗೊತ್ತಾಯ್ತು.

ಮತ್ತೆ ಸಾಹೇಬ್ರ ಮುಂದೆ ಕೂತಾಗ, ಡೈರಿ ಬಾಗ್ಲು ಆರಕ್ಕೇ ತೆಗೀಬೇಕು, ಬಸ್ಸು ಡೈರಿ ಮುಂದೇ ಬಂದು ನಿಲ್ಬೇಕು ಅಂತ ಆಯ್ತು. ಎಲ್ರೂ ಸೈನ್ ಹಾಕುದ್ರು. ಅವತ್ತು ಕಂಪ್ನಿ ಕಾಫೀನ ಲೀಡ್ರೇ ಮೊದ್ಲು ಎತ್ಕಂಡ. ಆ ಹುರುಪಲ್ಲೇ ಮ್ಯಾನೇಜರ್‌ಗೆ, ಭಾನುವಾರ ನಮ್ಮನೇಲಿ ಬಾಡೂಟ, ಫೋನ್ ಮಾಡ್ತೀನಿ ಸಾರ್ ಅಂದ.

ಮ್ಯಾನೇಜರು ಬ್ಯಾಗ್ ಎತ್ಕಂಡು ನಕ್ರು. "ಫೋನಿಗೆಲ್ಲ ಬರಲ್ಲ ಕಣ್ರೀ. ನಮ್ಮನೆ ಬೆಂಗಳೂರಲ್ಲಿದೆ."

ಹೋಗಿ ಕರ್ದು ಬಂದ ಪಾಪ, ಎರಡು ಬಸ್ ಬದಲಾಯ್ಸಿ. ಸೋಮವಾರ ನಾನು ಹಾಲು ಹಾಕಿ, ಖಾಲಿ ಕ್ಯಾನ್ ಭಾವನ ಹತ್ರ ಬುಟ್ಟು, ಬಸ್ ಹತ್ತಿ ಕಿಟಕಿ ಸೀಟು ಹಿಡ್ದೆ.